ಅಫಿಲಿಯೇಟ್ ಮಾರ್ಕೆಟಿಂಗ್: ವಿಷಯ ಆರಿಸುವುದು ಹೇಗೆ, ಮೊದಲ ವರ್ಷ ಹುರುಪು ಉಳಿಸಿಕೊಳ್ಳುವುದು ಹೇಗೆ

ಅಫಿಲಿಯೇಟ್ ಮಾರ್ಕೆಟಿಂಗ್ ಶುರು ಮಾಡುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಯಾವುದರಲ್ಲಿ ಜಾಸ್ತಿ ಕಮಿಷನ್ ಇದೆ?’ ನನ್ನ ಪ್ರಕಾರ ಅದು ಮೂರನೆಯದೋ ನಾಲ್ಕನೆಯದೋ ಪ್ರಶ್ನೆ ಆಗಬೇಕು. ಮೊದಲು ಕೇಳಿಕೊಳ್ಳಬೇಕಾದ್ದು ಬೇರೆ. ಆರು ತಿಂಗಳು ಒಂದು ರೂಪಾಯಿ ಬರದಿದ್ದರೂ ನಾನು ಯಾವ ವಿಷಯದ ಬಗ್ಗೆ ಬರೆಯುತ್ತಾ, ವಿಡಿಯೊ ಮಾಡುತ್ತಾ ಇರಬಲ್ಲೆ?

ಹುರುಪು ಹೋಯಿತು ಎಂದು ಬಿಟ್ಟವರನ್ನು ಕೆದಕಿ ನೋಡಿದರೆ, ಬಹಳ ಸಲ ಅಲ್ಲಿರುವುದು ಸೋಮಾರಿತನ ಅಲ್ಲ. ತಮಗೆ ಗೊತ್ತೇ ಇಲ್ಲದ ವಿಷಯ ಹಿಡಿದಿರುತ್ತಾರೆ. ಹತ್ತು ಲೇಖನ ಆಗುವಷ್ಟರಲ್ಲಿ ಹೇಳಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಈ ಬರಹದಲ್ಲಿ ವಿಷಯದ ಆಯ್ಕೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು, ದುಡ್ಡು ಬರುವ ದಾರಿ

ನೀವು ಒಂದು ವಸ್ತುವಿನ ಬಗ್ಗೆ ಹೇಳುತ್ತೀರಿ, ಕಂಪನಿ ಕೊಟ್ಟ ಲಿಂಕ್ ಹಾಕುತ್ತೀರಿ. ಓದಿದವರು ಆ ಲಿಂಕ್ ಒತ್ತಿ ಕೊಂಡರೆ ನಿಮಗೆ ಕಮಿಷನ್. ಕೊಳ್ಳುವವರಿಗೆ ಬೆಲೆ ಹೆಚ್ಚಾಗುವುದಿಲ್ಲ. ಅಮೆಜಾನ್ 1996ರಿಂದ ಇದನ್ನು ನಡೆಸುತ್ತಿದೆ. ಅಲ್ಲಿ ಸಾಮಾನ್ಯವಾಗಿ ಲಿಂಕ್ ಒತ್ತಿದ 24 ಗಂಟೆಯೊಳಗೆ ಕೊಂಡದ್ದು ನಿಮ್ಮ ಲೆಕ್ಕಕ್ಕೆ. ಆ ಹೊತ್ತಿನಲ್ಲಿ ಅವರು ಬೇರೆ ಏನನ್ನಾದರೂ ಕೊಂಡರೂ ಸಾಮಾನ್ಯವಾಗಿ ಕಮಿಷನ್ ಸಿಗುತ್ತದೆ. ಸ್ಪ್ರೇಯರ್ ನೋಡಲು ಹೋದವರು ಮಗುವಿಗೆ ಸ್ಕೂಲ್ ಬ್ಯಾಗ್ ಕೊಂಡದ್ದು ನಿಮ್ಮ ಪಟ್ಟಿಯಲ್ಲಿ ಕಂಡರೆ ಗಾಬರಿಯಾಗಬೇಡಿ.

ಸೇರಲು ದುಡ್ಡು ಕಟ್ಟಬೇಕಿಲ್ಲ. ‘ಅಫಿಲಿಯೇಟ್ ಆಗಲು ಮೊದಲು ಇಷ್ಟು ಕಟ್ಟಿ, ಆಮೇಲೆ ಇನ್ನಿಬ್ಬರನ್ನು ಸೇರಿಸಿ’ ಎಂದು ಯಾರಾದರೂ ಹೇಳಿದರೆ ಅದು ಈ ಕೆಲಸವೇ ಅಲ್ಲ, ಚೈನ್ ವ್ಯವಹಾರ. ಟೆಲಿಗ್ರಾಂನಲ್ಲಿ ‘ಟಾಸ್ಕ್ ಮುಗಿಸಿ, ದುಡ್ಡು ಗಳಿಸಿ’ ಎನ್ನುವುದೂ ಅದೇ ಜಾತಿಯದು. ಈಗಾಗಲೇ ದುಡ್ಡು ಕಳೆದುಕೊಂಡಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ.

ಹೆಜ್ಜೆ 1: ಜನ ನಿಮ್ಮನ್ನು ಏನು ಕೇಳುತ್ತಾರೆ?

‘ನಿಮಗೆ ಯಾವುದರಲ್ಲಿ ಆಸಕ್ತಿ ಇದೆ?’ ಎಂದು ಎಲ್ಲರೂ ಕೇಳುತ್ತಾರೆ. ಆಸಕ್ತಿ ನಂಬಿ ಹೊರಟರೆ ಸಿನಿಮಾ, ಕ್ರಿಕೆಟ್, ತಿರುಗಾಟ, ಇಷ್ಟೇ ಸಿಗುವುದು. ಅದರ ಬದಲು ನೆಂಟರು, ಅಕ್ಕಪಕ್ಕದವರು, ಆಫೀಸಿನವರು ಯಾವ ವಿಷಯಕ್ಕೆ ನಿಮಗೆ ಫೋನ್ ಮಾಡುತ್ತಾರೆ ಎಂದು ಯೋಚಿಸಿ. ‘ಅಕ್ಕ, ದೋಸೆ ಹಿಟ್ಟು ರುಬ್ಬೋಕೆ ಯಾವ ಗ್ರೈಂಡರ್ ತಗೊಳ್ಲಿ?’ ‘ಸರ್, ಎಫ್‌ಡಿಎ ಪರೀಕ್ಷೆಗೆ ಯಾವ ಪುಸ್ತಕ ಓದಬೇಕು?’ ‘ನಮ್ಮ ಬೋರ್‌ವೆಲ್ ನೀರಿಗೆ ಯಾವ ಫಿಲ್ಟರ್ ಸರಿಯಾಗುತ್ತೆ?’ ಹೀಗೆ ಕೇಳುವವರು ಆಗಲೇ ನಿಮ್ಮನ್ನು ನಂಬಿದ್ದಾರೆ, ಅಲ್ವಾ? ಅವರ ಕೈಯಲ್ಲಿ ದುಡ್ಡೂ ಇದೆ. ಯಾವುದನ್ನು ಕೊಳ್ಳಬೇಕು ಎಂಬುದೊಂದೇ ಗೊತ್ತಿಲ್ಲ.

ಇಂಥ ಮೂರು ವಿಷಯ ಬರೆದುಕೊಳ್ಳಿ. ಒಂದೂ ಹೊಳೆಯದಿದ್ದರೆ ನಿಮ್ಮ ಕೆಲಸ ಅಥವಾ ಮನೆತನದ ಕಸುಬು ನೋಡಿ. ಕಂಪ್ಯೂಟರ್ ರಿಪೇರಿ, ಹೊಲಿಗೆ, ಹೈನುಗಾರಿಕೆ, ಸಂಗೀತ ಪಾಠ, ಏನಾದರೂ ಸರಿ.

ಹೆಜ್ಜೆ 2: ಮೂವತ್ತು ಪ್ರಶ್ನೆಗಳ ಪರೀಕ್ಷೆ

ಪ್ರತಿ ವಿಷಯಕ್ಕೂ ಒಂದೊಂದು ಹಾಳೆ ತೆಗೆದುಕೊಂಡು, ಕೊಳ್ಳುವವರು ನಿಜವಾಗಿ ಕೇಳುವ ಮೂವತ್ತು ಪ್ರಶ್ನೆ ಬರೆಯಿರಿ. ಇಂಟರ್ನೆಟ್ ನೋಡುವಂತಿಲ್ಲ. ಹನ್ನೆರಡಕ್ಕೇ ನಿಂತುಬಿಟ್ಟರೆ ಆ ವಿಷಯ ನಿಮ್ಮದಲ್ಲ. ಸುಲಭವಾಗಿ ಮೂವತ್ತು ದಾಟಿ ‘ಅಯ್ಯೋ, ಇದೊಂದು ಬಿಟ್ಟುಹೋಯಿತು’ ಎನಿಸಿದರೆ ಹಾಳೆ ಎತ್ತಿಡಿ. ಮುಂದಿನ ಕೆಲವು ತಿಂಗಳ ಕೆಲಸದ ಪಟ್ಟಿ ಅದೇ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ತೀರ್ಥಹಳ್ಳಿಯದೋ ಸಿರಸಿಯದೋ ಒಬ್ಬ ಹುಡುಗ. ಮನೆಯಲ್ಲಿ ಅಡಿಕೆ ತೋಟ ಇದೆ, ಕಳೆ ಹೊಡೆಯುವ ಮೆಷಿನ್ (ಬ್ರಷ್ ಕಟರ್) ಅವನೇ ಓಡಿಸುತ್ತಾನೆ. ‘ಕೃಷಿ’ ಎಂದರೆ ಅವನಿಗೆ ತೀರಾ ದೊಡ್ಡ ವಿಷಯ. ‘ಕೃಷಿ ಯಂತ್ರ’ ಎಂದರೂ ಟ್ರ್ಯಾಕ್ಟರಿನಿಂದ ಹಿಡಿದು ಎಲ್ಲ ಬಂತು. ‘ಸಣ್ಣ ಅಡಿಕೆ ತೋಟಕ್ಕೆ ಬೇಕಾದ ಕೈಯಂತ್ರಗಳು’ ಎಂದು ಕಿರಿದು ಮಾಡಿದರೆ ಅದು ಅವನದೇ ಮೂಲೆ, ಅವನದೇ ನಿಶ್. ಪ್ರಶ್ನೆಗಳು ತಾವೇ ಸಾಲುಗಟ್ಟುತ್ತವೆ:

ಟೂ ಸ್ಟ್ರೋಕ್ ಒಳ್ಳೆಯದಾ, ಫೋರ್ ಸ್ಟ್ರೋಕಾ? ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸಬೇಕು? (ಕಂಪನಿ 25ಕ್ಕೆ 1 ಎಂದಿದ್ದರೆ 40 ಮಿಲಿ, 50ಕ್ಕೆ 1 ಎಂದಿದ್ದರೆ 20 ಮಿಲಿ. ಫೋರ್ ಸ್ಟ್ರೋಕಿಗೆ ಬೆರೆಸುವಂತೆಯೇ ಇಲ್ಲ.) ಬ್ಲೇಡ್ ಹಾಕಲಾ, ನೈಲಾನ್ ದಾರ ಹಾಕಲಾ? ಡ್ರಿಪ್ ಪೈಪ್ ಕತ್ತರಿಸಿಹೋಗದಂತೆ ಹುಲ್ಲು ಹೊಡೆಯುವುದು ಹೇಗೆ? ಎಳೆ ಗಿಡದ ಬುಡಕ್ಕೆ ದಾರ ತಾಗಿ ಸಿಪ್ಪೆ ಎದ್ದರೆ ಏನು ಮಾಡಬೇಕು? ಬೆನ್ನಿಗೆ ಹಾಕುವ ಮೆಷಿನ್ ಇಳಿಜಾರಿನಲ್ಲಿ ಸುಲಭವಾ? ಕಲ್ಲು ಸಿಡಿದು ಕಣ್ಣಿಗೆ ಬೀಳದಂತೆ ಯಾವ ಕನ್ನಡಕ? ಬೋರ್ಡೋ (ಕೊಳೆರೋಗದ ಔಷಧಿ) ಹೊಡೆದ ಮೇಲೆ ಸ್ಪ್ರೇಯರ್ ತೊಳೆಯುವುದು ಹೇಗೆ? ಕಾರ್ಬನ್ ಫೈಬರ್ ದೋಟಿ (ಅಡಿಕೆ ಕೀಳುವ ಉದ್ದ ಕೋಲು) ಕರೆಂಟ್ ತಂತಿಗೆ ತಾಗಿದರೆ ಏನಾಗುತ್ತದೆ? (ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ, ಜೀವಕ್ಕೇ ಅಪಾಯ. ಇದೊಂದನ್ನೇ ವಿಡಿಯೊ ಮಾಡಬಹುದು.)

ನೋಡಿ, ಇವು ಯಾವುವೂ ಕಂಪನಿಯ ಕರಪತ್ರದಿಂದ ಎತ್ತಿದ ಪ್ರಶ್ನೆಗಳಲ್ಲ. ತೋಟಕ್ಕೆ ಇಳಿದವರಿಗೆ ಮಾತ್ರ ಹುಟ್ಟುವ ಪ್ರಶ್ನೆಗಳು. ಬೆಂಗಳೂರಿನಲ್ಲಿ ಕೂತು ‘ಟಾಪ್ 10 ಬ್ರಷ್ ಕಟರ್’ ಬರೆಯುವವರು ಇವನ್ನು ಮುಟ್ಟುವುದೇ ಇಲ್ಲ.

ಹೆಜ್ಜೆ 3: ಯಾರಾದರೂ ಹುಡುಕುತ್ತಿದ್ದಾರಾ?

ಯೂಟ್ಯೂಬ್ ಮತ್ತು ಗೂಗಲ್‌ನಲ್ಲಿ ನಿಮ್ಮ ವಿಷಯದ ಎರಡು ಪದ ಟೈಪ್ ಮಾಡಿ ನಿಲ್ಲಿಸಿ. ಕೆಳಗೆ ಬರುವ ಸಲಹೆಗಳು ಜನ ನಿಜವಾಗಿ ಹುಡುಕಿದವು. ಕನ್ನಡ ಲಿಪಿಯಲ್ಲೂ ನೋಡಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೂ ನೋಡಿ. ನಮ್ಮವರು ಎರಡೂ ರೀತಿ ಹುಡುಕುತ್ತಾರೆ, ಈಗ ಮೈಕ್ ಒತ್ತಿ ಮಾತಾಡಿಯೂ ಹುಡುಕುತ್ತಾರೆ. ಒಂದೇ ವಸ್ತುವಿಗೆ ಒಂದೊಂದು ಕಡೆ ಒಂದೊಂದು ಹೆಸರು ಇರುತ್ತದೆ: ಕಳೆ ಮೆಷಿನ್, ಹುಲ್ಲು ಹೊಡೆಯುವ ಮೆಷಿನ್, ಬ್ರಷ್ ಕಟರ್. ಎಲ್ಲವನ್ನೂ ಬರೆದುಕೊಳ್ಳಿ, ಶೀರ್ಷಿಕೆಗೆ ಬೇಕಾಗುತ್ತವೆ.

ಆಮೇಲೆ ಗೂಗಲ್ ಟ್ರೆಂಡ್ಸ್‌ನಲ್ಲಿ ಕರ್ನಾಟಕವನ್ನು ಆರಿಸಿ, ಐದು ವರ್ಷದ ಗ್ರಾಫ್ ತೆಗೆಯಿರಿ. ಹುಡುಕಾಟ ಯಾವ ತಿಂಗಳಲ್ಲಿ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ಗಮನಿಸಿ. ಕಳೆ ಮೆಷಿನ್ನಿಗೆ ಮಳೆಗಾಲ ಸುಗ್ಗಿ. ಪರೀಕ್ಷೆ ಪುಸ್ತಕಕ್ಕೆ ನೋಟಿಫಿಕೇಷನ್ ಬಂದ ವಾರ ಸುಗ್ಗಿ. ಇದು ಹುರುಪಿನ ವಿಷಯಕ್ಕೂ ಮುಖ್ಯ, ಆಮೇಲೆ ಹೇಳುತ್ತೇನೆ.

ಇನ್ನೊಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಪೈಪೋಟಿ ಕಡಿಮೆ ಎನ್ನುವುದು ನಿಜ. ಆದರೆ ಹುಡುಕುವವರೂ ಇಂಗ್ಲಿಷಿಗಿಂತ ಕಡಿಮೆ. ಕನ್ನಡದಲ್ಲಿ ಗೆಲ್ಲುವುದು ಜನರ ಸಂಖ್ಯೆಯಿಂದಲ್ಲ, ಬಂದವರ ನಂಬಿಕೆಯಿಂದ. ಅದಕ್ಕೇ ಎಲ್ಲರಿಗೂ ಬೇಕಾಗುವ ವಿಷಯಕ್ಕಿಂತ, ಬೇರೆ ಭಾಷೆಯಲ್ಲಿ ಉತ್ತರವೇ ಸಿಗದ ನಮ್ಮ ಕಡೆಯ ವಿಷಯ ಒಳ್ಳೆಯದು.

ಹೆಜ್ಜೆ 4: ಈಗ ಕಮಿಷನ್ ಲೆಕ್ಕ

ಕಮಿಷನ್ ಶೇಕಡಾವಾರು ವಸ್ತುವಿನಿಂದ ವಸ್ತುವಿಗೆ ಬದಲಾಗುತ್ತದೆ. ಮೊಬೈಲ್ ಫೋನ್ ಸಾಮಾನ್ಯವಾಗಿ ಕಡಿಮೆ ಕೊಡುವ ಸಾಲಿನಲ್ಲಿರುತ್ತದೆ. ಹೊಸಬರು ಮುಗಿಬೀಳುವುದು ಮಾತ್ರ ಅಲ್ಲಿಗೇ. ಕಂಪನಿಯ ದರಪಟ್ಟಿ ತೆರೆದು ನಿಮ್ಮ ವಿಭಾಗದ ಅಂಕಿ ನೋಡಿ. ವರ್ಷದಲ್ಲಿ ಎರಡು ಸಲವಾದರೂ ಮತ್ತೆ ನೋಡಿ, ಬದಲಾಗುತ್ತಿರುತ್ತದೆ.

ಲೆಕ್ಕಕ್ಕೆ ಶೇ 5 ಎಂದು ಹಿಡಿಯೋಣ. 8,000 ರೂಪಾಯಿಯ ಕಳೆ ಮೆಷಿನ್ ಮಾರಾಟವಾದರೆ 400 ರೂಪಾಯಿ. 300 ರೂಪಾಯಿಯ ನೈಲಾನ್ ದಾರ ಮಾರಾಟವಾದರೆ 15. ಹಾಗಾದರೆ ಮೆಷಿನ್ನೇ ವಾಸಿ ಎನಿಸುತ್ತದೆ. ಆದರೆ ಮೆಷಿನ್ನನ್ನು ತುಂಬಾ ಜನ ಊರಿನ ಅಂಗಡಿಯಲ್ಲೇ ಕೊಳ್ಳುತ್ತಾರೆ, ಯಾಕೆಂದರೆ ಕೆಟ್ಟರೆ ಸರ್ವಿಸ್ ಬೇಕು, ಮೇಲಾಗಿ ಸಬ್ಸಿಡಿ ಇಲಾಖೆಯ ಮೂಲಕ ಬರುತ್ತದೆ. ದೋಟಿಯನ್ನಂತೂ ಕೈಯಲ್ಲಿ ಹಿಡಿದು ತೂಕ ನೋಡದೆ ಯಾರೂ ಕೊಳ್ಳುವುದಿಲ್ಲ. ಆನ್‌ಲೈನ್‌ನಲ್ಲಿ ಹೋಗುವುದು ದಾರ, ಕನ್ನಡಕ, ಗಮ್‌ಬೂಟು, ಬೆಲ್ಟು, ಸ್ಪ್ರೇಯರ್ ನಾಜಲ್. ಇವು ಸವೆಯುತ್ತವೆ, ಮತ್ತೆ ಮತ್ತೆ ಬೇಕಾಗುತ್ತವೆ. ಆದ್ದರಿಂದ ‘ಈ ವಸ್ತುವಿಗೆ ಬೆಲೆ ಎಷ್ಟು’ ಎನ್ನುವುದಕ್ಕಿಂತ ‘ಇದನ್ನು ಜನ ಆನ್‌ಲೈನ್‌ನಲ್ಲಿ ಕೊಳ್ಳುತ್ತಾರಾ’ ಎನ್ನುವುದು ದೊಡ್ಡ ಪ್ರಶ್ನೆ. ಉತ್ತರ ಬೇಕಿದ್ದರೆ ನಾಲ್ಕು ಜನರನ್ನು ಕೇಳಿದರೆ ಸಾಕು.

ಒಂದು ಪರೀಕ್ಷೆ ತಪ್ಪದೆ ಮಾಡಿ. ನಿಮ್ಮ ಓದುಗರ ಊರಿನ ಪಿನ್‌ಕೋಡ್ ಹಾಕಿ, ಆ ವಸ್ತು ಅಲ್ಲಿಗೆ ತಲುಪುತ್ತದಾ ನೋಡಿ. ಮಲೆನಾಡಿನ ಒಳಗಿನ ಊರುಗಳಿಗೆ ಎಷ್ಟೋ ದೊಡ್ಡ ವಸ್ತುಗಳು ಹೋಗುವುದೇ ಇಲ್ಲ. ನೀವು ಎಷ್ಟೇ ಚೆನ್ನಾಗಿ ಬರೆದರೂ ಅಲ್ಲಿಗೆ ಮುಗಿಯಿತು.

ಹೆಜ್ಜೆ 5: ಮುಟ್ಟಬಾರದ ವಿಷಯಗಳು

ಷೇರು, ಸಾಲ, ವಿಮೆ, ಕ್ರೆಡಿಟ್ ಕಾರ್ಡ್ ಲಿಂಕ್‌ಗಳಿಗೆ ದುಡ್ಡು ಜಾಸ್ತಿ, ಅದೇ ಸೆಳೆತ. ಆದರೆ ಸೆಬಿ ನೋಂದಣಿ ಇಲ್ಲದೆ ಷೇರು ಸಲಹೆ ಕೊಡುವಂತಿಲ್ಲ. ಆರೋಗ್ಯ ಮತ್ತು ಹಣಕಾಸಿನ ಬಗ್ಗೆ ಸಲಹೆ ಕೊಡುವವರಿಗೆ ಅದಕ್ಕೆ ತಕ್ಕ ಅರ್ಹತೆ ಇರಬೇಕು ಎಂದು ಜಾಹೀರಾತು ಮಾನದಂಡಗಳ ಮಂಡಳಿ 2023ರಲ್ಲೇ ಹೇಳಿದೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತು 2025ರ ಕಾಯ್ದೆಯ ಪ್ರಕಾರ ಅಪರಾಧ. ಸಕ್ಕರೆ ಕಾಯಿಲೆ ಗುಣಮಾಡುವ ಪುಡಿ, ಕೂದಲು ಬೆಳೆಸುವ ಎಣ್ಣೆ ಇತ್ಯಾದಿ ಬಗ್ಗೆ ನಾನು ಹೇಳಬೇಕಾಗಿಲ್ಲ.

ಹೆಜ್ಜೆ 6: ಮೊದಲು ಬರಹ, ಆಮೇಲೆ ಖಾತೆ

ಎಲ್ಲರೂ ಉತ್ಸಾಹದಲ್ಲಿ ಮೊದಲ ದಿನವೇ ಅಫಿಲಿಯೇಟ್ ಖಾತೆ ತೆರೆಯುತ್ತಾರೆ. ಅಮೆಜಾನ್‌ನಲ್ಲಿ ಖಾತೆ ತೆರೆದ 180 ದಿನದೊಳಗೆ ಕನಿಷ್ಠ 3 ಮಾರಾಟ ಆಗದಿದ್ದರೆ ಖಾತೆ ಮುಚ್ಚುತ್ತಾರೆ. ಮತ್ತೆ ಅರ್ಜಿ ಹಾಕಬಹುದು, ನಿಜ. ಆದರೆ ‘ನನ್ನ ಖಾತೆ ಮುಚ್ಚಿದರು’ ಎಂಬ ಮಿಂಚಂಚೆ ಹೊಸಬರ ಉತ್ಸಾಹವನ್ನು ಅರ್ಧಕ್ಕರ್ಧ ತೆಗೆದುಬಿಡುತ್ತದೆ. ಹತ್ತು ಹದಿನೈದು ಬರಹ ಅಥವಾ ವಿಡಿಯೊ ಮುಗಿಸಿ, ಜನ ಬರಲು ಶುರುವಾದ ಮೇಲೆ ಖಾತೆ ತೆರೆಯಿರಿ. ಹಳೆಯ ಬರಹಗಳಿಗೆ ಲಿಂಕ್ ಸೇರಿಸುವುದು ಒಂದು ಸಂಜೆಯ ಕೆಲಸ.

ನಿಯಮಗಳಲ್ಲಿ ಇಷ್ಟು ನೆನಪಿಡಿ. ನಿಮ್ಮದೇ ಲಿಂಕ್‌ನಿಂದ ನಿಮಗಾಗಿ ಕೊಳ್ಳುವಂತಿಲ್ಲ. ಬೆಲೆಯನ್ನು ಬರಹದಲ್ಲಿ ಕೈಯಾರೆ ಬರೆಯಬೇಡಿ, ಅದು ದಿನಕ್ಕೊಂದು ಥರ ಇರುತ್ತದೆ. ಲಿಂಕ್‌ನಿಂದ ನಿಮಗೆ ಕಮಿಷನ್ ಬರುತ್ತದೆ ಎಂಬುದನ್ನು ಬರಹದ ಮೇಲ್ಗಡೆಯೇ ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಿ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅಲ್ಲ. ಗ್ರಾಹಕ ರಕ್ಷಣಾ ಕಾಯ್ದೆ 2019ರ ಅಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ದಂಡದ ಮಾತು ಹಾಗಿರಲಿ, ಮುಚ್ಚಿಡದೆ ಹೇಳಿದವರ ಲಿಂಕನ್ನು ಜನ ಬೇಕೆಂದೇ ಒತ್ತುತ್ತಾರೆ. ‘ಪಾಪ, ಇಷ್ಟು ಹೇಳಿಕೊಟ್ಟಿದ್ದಾನೆ, ಅವನಿಗೂ ನಾಲ್ಕು ಕಾಸು ಬರಲಿ’ ಎನ್ನುವ ಬುದ್ಧಿ ನಮ್ಮವರಿಗೆ ಇದೆ.

ಹೆಜ್ಜೆ 7: ಹುರುಪು ಉಳಿಸಿಕೊಳ್ಳುವುದು

ಇಲ್ಲಿ ನನ್ನ ಸಲಹೆ ಒಂದೇ. ನಿಮ್ಮ ಕೈಯಲ್ಲಿರುವುದನ್ನು ಎಣಿಸಿ, ಇಲ್ಲದ್ದನ್ನು ಎಣಿಸಬೇಡಿ. ಕಮಿಷನ್ ನಿಮ್ಮ ಕೈಯಲ್ಲಿಲ್ಲ. ಈ ವಾರ ಎರಡು ಪ್ರಶ್ನೆಗೆ ಉತ್ತರ ಬರೆಯುವುದು ನಿಮ್ಮ ಕೈಯಲ್ಲಿದೆ. ಆ ಮೂವತ್ತು ಪ್ರಶ್ನೆಯ ಹಾಳೆಯನ್ನು ಗೋಡೆಗೆ ಅಂಟಿಸಿ, ಮುಗಿದದ್ದನ್ನು ಗೀಟು ಹಾಕುತ್ತಾ ಹೋಗಿ.

ಡ್ಯಾಶ್‌ಬೋರ್ಡ್ (ಕ್ಲಿಕ್, ಮಾರಾಟ, ಕಮಿಷನ್ ತೋರಿಸುವ ಪುಟ) ನೋಡುವುದಕ್ಕೆ ವಾರದಲ್ಲಿ ಒಂದು ದಿನ ಇಟ್ಟುಕೊಳ್ಳಿ. ದಿನಾ ತೆರೆದು ನೋಡುವುದು, ಬಿತ್ತಿದ ಬೀಜವನ್ನು ದಿನಾ ಕೆದಕಿ ಮೊಳಕೆ ಬಂತಾ ಎಂದು ನೋಡಿದ ಹಾಗೆ. ಮಾರಾಟ ಆದ ಮೇಲೂ ದುಡ್ಡು ಕೂಡಲೇ ಬರುವುದಿಲ್ಲ. ವಸ್ತು ವಾಪಸ್ಸಾಗುವ ಅವಧಿ ಮುಗಿಯಬೇಕು, ಲೆಕ್ಕ ಆಗಬೇಕು. ಅಮೆಜಾನ್‌ನಲ್ಲಿ ಆ ತಿಂಗಳು ಮುಗಿದು ಸುಮಾರು ಎರಡು ತಿಂಗಳು ಹಿಡಿಯುತ್ತದೆ. ಜೂನ್‌ನ ಮಾರಾಟದ ದುಡ್ಡು ಆಗಸ್ಟ್ ಕೊನೆಗೆ ಬಂದರೆ ಅದು ತಡ ಅಲ್ಲ, ಪದ್ಧತಿಯೇ ಹಾಗೆ. ಇದು ಮೊದಲೇ ಗೊತ್ತಿದ್ದರೆ ಅರ್ಧ ನಿರಾಸೆ ತಪ್ಪುತ್ತದೆ.

ಬೇರೆಯವರ ಆದಾಯದ ಸ್ಕ್ರೀನ್‌ಶಾಟ್ ನೋಡುವುದನ್ನು ಬಿಡಿ. ಅದು ಒಂದು ತಿಂಗಳ ಚಿತ್ರ, ಅದರ ಹಿಂದಿನ ತಿಂಗಳುಗಳ ಚಿತ್ರವನ್ನು ಯಾರೂ ಹಾಕುವುದಿಲ್ಲ. ಎಷ್ಟೋ ಕಡೆ ಆ ಚಿತ್ರ ತೋರಿಸುವುದೇ ಕೋರ್ಸ್ ಮಾರಲು.

ಹೊತ್ತು ಗೊತ್ತು ಮಾಡಿಕೊಳ್ಳಿ. ಬೆಳಿಗ್ಗೆ ಎದ್ದ ಕೂಡಲೇ ಮುಕ್ಕಾಲು ಗಂಟೆಯೋ, ಊಟ ಆದ ಮೇಲೆ ಒಂದು ಗಂಟೆಯೋ, ಮನೆಯವರಿಗೂ ಗೊತ್ತಿರಲಿ. ‘ಸುಮ್ನೆ ಮೊಬೈಲ್ ಹಿಡ್ಕೊಂಡು ಕೂತಿದ್ದಾನೆ’ ಎನ್ನುವ ಮಾತು ಹೊಸಬರನ್ನು ಕುಗ್ಗಿಸುವಷ್ಟು ಬೇರಾವುದೂ ಕುಗ್ಗಿಸುವುದಿಲ್ಲ. ಅವರಿಗೂ ಕೆಲಸ ಹಂಚಿ. ಅಮ್ಮ ಗ್ರೈಂಡರ್ ತೊಳೆಯುವಾಗ ಕೈ ಮಾತ್ರ ಕಾಣುವಂತೆ ವಿಡಿಯೊ ತೆಗೆದರೆ ಆಯಿತು, ಅವರೂ ಪಾಲುದಾರರು. ಇದ್ದ ಕೆಲಸವನ್ನು ಮಾತ್ರ ಇದಕ್ಕಾಗಿ ಬಿಡಬೇಡಿ. ಬಾಡಿಗೆ, ಇಎಂಐ ತಲೆಯ ಮೇಲಿದ್ದರೆ ಕಮಿಷನ್ ಜಾಸ್ತಿ ಇರುವ ಕಳಪೆ ವಸ್ತುವನ್ನೂ ಹೊಗಳುವ ಆಸೆ ಬರುತ್ತದೆ.

ಋತುವಿನ ವಿಷಯ ಹೇಳುತ್ತೇನೆ ಎಂದಿದ್ದೆ. ಅಡಿಕೆ ತೋಟದ ಹುಡುಗನಿಗೆ ಮೇ, ಜೂನ್‌ನಲ್ಲಿ ಜನ ಬರುತ್ತಾರೆ. ಮಳೆಗೆ ಮುಂಚೆ ಕೊಳೆರೋಗಕ್ಕೆ ಮೊದಲ ಔಷಧಿ, ಮತ್ತೆ 40–45 ದಿನಕ್ಕೆ ಎರಡನೆಯದು, ನಡುವೆ ಕಳೆ. ಬೇಸಿಗೆಯಲ್ಲಿ ಅವನ ಪುಟ ಖಾಲಿ ಹೊಡೆಯುತ್ತದೆ. ಋತು ಗೊತ್ತಿಲ್ಲದವರು ಫೆಬ್ರವರಿಯಲ್ಲಿ ‘ಇದು ನನಗೆ ಆಗದು’ ಎಂದು ಬಿಟ್ಟುಬಿಡುತ್ತಾರೆ. ಗೊತ್ತಿರುವವನು ಅದೇ ಫೆಬ್ರವರಿಯಲ್ಲಿ ಮುಂದಿನ ಮಳೆಗಾಲಕ್ಕೆ ಬರೆಯುತ್ತಾನೆ. ಬರೆದದ್ದು ಹುಡುಕಾಟದಲ್ಲಿ ಮೇಲೆ ಬರಲು ಹೇಗೂ ಕೆಲವು ತಿಂಗಳು ಬೇಕು.

ಹೆಜ್ಜೆ 8: ಮುಂದುವರಿಸಲಾ, ಬದಲಿಸಲಾ?

ಮೂವತ್ತು ಉತ್ತರ ಮುಗಿದು, ಒಂದು ಸುಗ್ಗಿ ಕಳೆದ ಮೇಲೆ ಮಾತ್ರ ಈ ಪ್ರಶ್ನೆ ಕೇಳಿ. ಮನಸ್ಸಿಗೆ ಏನೆನಿಸುತ್ತದೆ ಎಂಬುದನ್ನು ಬದಿಗಿಟ್ಟು ಮೂರು ಅಂಕಿ ನೋಡಿ.

ಜನರೇ ಬರುತ್ತಿಲ್ಲ ಎಂದರೆ ಶೀರ್ಷಿಕೆ ಅಥವಾ ವಿಷಯ ತಪ್ಪಿದೆ. ಜನ ಹುಡುಕುವ ಪದ ಶೀರ್ಷಿಕೆಯಲ್ಲಿ ಇದೆಯಾ ನೋಡಿ, ಮೊದಲು ಅದನ್ನು ಬದಲಿಸಿ.

ಜನ ಬರುತ್ತಾರೆ, ಲಿಂಕ್ ಒತ್ತುತ್ತಿಲ್ಲ ಎಂದರೆ ಅವರು ಕೊಳ್ಳಲು ಬಂದವರಲ್ಲ. ‘ಕೊಳೆರೋಗ ಎಂದರೇನು’ ಎಂದು ಓದುವವರು ಓದಿ ಹೋಗುತ್ತಾರೆ. ‘ಎತ್ತರದ ಮರಕ್ಕೆ ಯಾವ ನಾಜಲ್’ ಎಂದು ಕೇಳುವವರು ಕೊಳ್ಳುತ್ತಾರೆ. ಎರಡನೆಯ ಥರದ್ದನ್ನು ಹೆಚ್ಚು ಬರೆಯಿರಿ, ಮೊದಲನೆಯದರಿಂದ ಅದಕ್ಕೆ ದಾರಿ ತೋರಿಸಿ.

ಲಿಂಕ್ ಒತ್ತುತ್ತಾರೆ, ಕೊಳ್ಳುತ್ತಿಲ್ಲ ಎಂದರೆ ತಪ್ಪು ವಸ್ತುವಿನದು. ಸ್ಟಾಕ್ ಇಲ್ಲದಿರಬಹುದು, ಬೆಲೆ ಅಂಗಡಿಗಿಂತ ಹೆಚ್ಚಿರಬಹುದು, ಪಿನ್‌ಕೋಡಿಗೆ ಹೋಗದಿರಬಹುದು. ವಿಷಯ ಬಿಡಬೇಕಿಲ್ಲ, ವಸ್ತು ಬದಲಿಸಿದರೆ ಸಾಕು. ಇಷ್ಟೆಲ್ಲ ಸರಿಪಡಿಸಿಯೂ ಎರಡನೆಯ ಸುಗ್ಗಿ ಖಾಲಿ ಹೋದರೆ, ಅಥವಾ ಮುಂದಿನ ಪ್ರಶ್ನೆ ಬರೆಯಲು ಕೂತಾಗ ನಿಮಗೇ ಆಕಳಿಕೆ ಬರುತ್ತಿದ್ದರೆ, ಹೆಜ್ಜೆ ಒಂದರಲ್ಲಿ ಬರೆದ ಎರಡನೆಯ ವಿಷಯ ಕೈಗೆತ್ತಿಕೊಳ್ಳಿ. ಕಲಿತ ಕೆಲಸ ಎಲ್ಲಿಗೂ ಹೋಗಿರುವುದಿಲ್ಲ.

ದುಡ್ಡು ಬರಲು ಶುರುವಾದ ಮೇಲೆ

ಖಾತೆಗೆ ಪ್ಯಾನ್ ಸರಿಯಾಗಿ ಕೊಡಿ. ಕಮಿಷನ್ ಮೇಲೆ ಟಿಡಿಎಸ್ (ಕೊಡುವ ಮುಂಚೆಯೇ ಹಿಡಿಯುವ ತೆರಿಗೆ) ಕಡಿತವಾಗಬಹುದು, ಪ್ಯಾನ್ ಇಲ್ಲದಿದ್ದರೆ ಶೇ 20 ಹೋಗುತ್ತದೆ. ನಿಮ್ಮ ಒಟ್ಟು ಆದಾಯಕ್ಕೆ ತೆರಿಗೆ ಬೀಳದಿದ್ದರೆ ರಿಟರ್ನ್ ಸಲ್ಲಿಸಿ ಕಡಿತವಾದದ್ದನ್ನು ವಾಪಸ್ ಪಡೆಯಬಹುದು. ಸೇವೆಯ ಆದಾಯ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಆ ಹೊತ್ತಿಗೆ ನಿಮಗೊಬ್ಬ ಆಡಿಟರ್ ಇದ್ದೇ ಇರುತ್ತಾರೆ ಬಿಡಿ.

ಮೊದಲ ಕಮಿಷನ್‌ನಿಂದ ನಿಮ್ಮ ವಿಷಯದ್ದೇ ಒಂದು ವಸ್ತು ಕೊಳ್ಳಿ, ನಿಮ್ಮ ಲಿಂಕ್‌ನಿಂದ ಅಲ್ಲ, ಮಾಮೂಲಿಯಾಗಿ. ಅದನ್ನು ಒಂದು ಮಳೆಗಾಲ ಬಳಸಿ, ಏನು ಮುರಿಯಿತು, ಏನು ಉಳಿಯಿತು ಎಂದು ಹೊಸ ಬರಹ ಬರೆಯಿರಿ. ಕೊಳ್ಳುವ ಮುಂಚೆ ಜನ ಹುಡುಕಿ ಓದುವುದು ಇಂಥ ಬರಹವನ್ನೇ.